ಸೆಕೆಂಡ್ ಲೈಫ್ ಬ್ಲಾಗರ್‌ಗಳನ್ನು ಹುಡುಕುವುದು, ನಾಲ್ಕು ಜನರಿಗೆ ಹೇಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ವರ್ಚುವಲ್ ಲೋಕದ ಒಳಗೆ ಹರಟುವಾಗ, ನೋಟ್‌ಕಾರ್ಡ್‌ಗಳಲ್ಲಿ (ಅಲ್ಲಿ ಒಬ್ಬರಿಗೊಬ್ಬರು ಕಳಿಸುವ ಚೀಟಿ), ಪತ್ರಗಳಲ್ಲಿ ನನಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿಕೊಂಡು ಬನ್ನಿ. ಹಳಬರು ನೇರ ಕೊನೆಯ ಭಾಗಕ್ಕೆ ಹಾರಿದರೂ ನಡೆಯುತ್ತದೆ.

## ಹೊಸಬರಿಗೆ

ಸೆಕೆಂಡ್ ಲೈಫ್ ಗೇಮ್ ಅಲ್ವಾ? ಅದರ ಬಗ್ಗೆ ಅಷ್ಟೊಂದು ಜನ ಏನು ಬರೀತಾರೆ?

ಗೇಮ್ ಥರ ಕಾಣುತ್ತದೆ. ಆದರೆ ಅಲ್ಲಿ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಲಿಂಡನ್ ಲ್ಯಾಬ್ ಕಂಪನಿ 2003ರ ಜೂನ್ 23ರಂದು ಇದನ್ನು ಎಲ್ಲರಿಗೂ ತೆರೆಯಿತು. ಕಂಪನಿ ಮುಖ್ಯವಾಗಿ ಕೊಟ್ಟದ್ದು ನೆಲ, ನೀರು, ಆಕಾಶ, ಜೊತೆಗೆ ಕಟ್ಟುವ ಸಲಕರಣೆ. ಮನೆ, ಬಟ್ಟೆ, ಕೂದಲು, ಕುರ್ಚಿ, ಕೊನೆಗೆ ಅವತಾರ್ (ಅಲ್ಲಿ ನಮ್ಮ ಪರವಾಗಿ ಓಡಾಡುವ ಬೊಂಬೆ) ನಡೆಯುವ ಶೈಲಿ ಕೂಡ, ಬಹುಪಾಲು ಅಲ್ಲಿನ ಬಳಕೆದಾರರೇ ಮಾಡಿದ್ದು. ಅವರನ್ನು ರೆಸಿಡೆಂಟ್ ಎನ್ನುತ್ತಾರೆ. ಮಾಡಿದ್ದನ್ನು ಅಲ್ಲಿನ ಹಣವಾದ ಲಿಂಡನ್ ಡಾಲರ್‌ಗೆ ಮಾರುತ್ತಾರೆ, ಕೊಳ್ಳುತ್ತಾರೆ, ಕೆಲವರು ಸುಮ್ನೆ ಹಂಚುತ್ತಾರೆ.

ಹಾಗಾಗಿ ಬರೆಯೋಕೆ ಬೇಕಾದಷ್ಟಿದೆ. ಒಬ್ಬರು ಬರೀ ಬಟ್ಟೆ ತೋರಿಸುತ್ತಾರೆ. ಇನ್ನೊಬ್ಬರು ದಿನಕ್ಕೊಂದು ಹೊಸ ಜಾಗಕ್ಕೆ ಹೋಗಿ ಬಂದು ಬರೆಯುತ್ತಾರೆ. ಕಂಪನಿಯ ಹೊಸ ನಿಯಮಗಳನ್ನು ಸಾಲು ಸಾಲಾಗಿ ಬಿಡಿಸಿ ಹೇಳುವವರಿದ್ದಾರೆ. ದೋಣಿ ಓಡಿಸಿದ ಕಥೆ ಬರೆಯುವವರಿದ್ದಾರೆ. ಅಲ್ಲಿ ಪ್ರೀತಿಸಿದ್ದು, ಜಗಳವಾಡಿದ್ದು, ಮನೆ ಬದಲಿಸಿದ್ದನ್ನೆಲ್ಲ ಡೈರಿ ಥರ ಬರೆದಿಡುವವರೂ ಇದ್ದಾರೆ. ನನಗೆ ಆ ಕೊನೆಯ ಜಾತಿಯವರು ಜಾಸ್ತಿ ಇಷ್ಟ.

ಈಗ ಎಲ್ಲ ವಿಡಿಯೋ ಅಲ್ವಾ? ಬ್ಲಾಗ್ ಓದೋರು ಇನ್ನೂ ಇದ್ದಾರಾ?

ಇದ್ದಾರೆ. ಈ ಲೋಕದಲ್ಲಿ ಬರವಣಿಗೆಗೆ ಒಂದು ಹಳೆಯ ನಂಟಿದೆ. 2003ರಲ್ಲೇ ಲಿಂಡನ್ ಲ್ಯಾಬ್ ವ್ಯಾಗ್ನರ್ ಜೇಮ್ಸ್ ಔ ಎಂಬ ಪತ್ರಕರ್ತರನ್ನು ಒಳಗಿನ ಸುದ್ದಿ ಬರೆಯಲೆಂದೇ ಇಟ್ಟುಕೊಂಡಿತ್ತು. ಅವರ ಅವತಾರ್ ಬಿಳಿ ಸೂಟ್ ಹಾಕಿಕೊಂಡು ಊರೆಲ್ಲ ಸುತ್ತಿ ಜನರನ್ನು ಮಾತಾಡಿಸುತ್ತಿತ್ತು. 2006ರಲ್ಲಿ ಕಂಪನಿಯ ಕೆಲಸ ಬಿಟ್ಟ ಮೇಲೂ ಅವರು ನ್ಯೂ ವರ್ಲ್ಡ್ ನೋಟ್ಸ್ ಎಂಬ ಬ್ಲಾಗನ್ನು ಸ್ವಂತಕ್ಕೆ ಮುಂದುವರಿಸಿದರು.

ಇನ್ನೊಂದು ಕಾರಣವೂ ಇದೆ. ಇಲ್ಲಿ ಖಾಸಗಿ ದ್ವೀಪದ ಮಾಲೀಕರು ದುಡ್ಡು ಕಟ್ಟುವುದು ನಿಲ್ಲಿಸಿದರೆ ಜಾಗವೇ ಇರುವುದಿಲ್ಲ. ಪಾಳು ಬೀಳುವುದಿಲ್ಲ, ಹುಲ್ಲು ಬೆಳೆಯುವುದಿಲ್ಲ. ಮ್ಯಾಪ್‌ನಲ್ಲಿ ಬರೀ ನೀಲಿ. ನಾನು ವರ್ಷಗಟ್ಟಲೆ ಹೋಗಿ ಕೂರುತ್ತಿದ್ದ ಒಂದು ಸಣ್ಣ ಬಂದರು ಹೀಗೇ ಹೋಯಿತು. ತುಕ್ಕು ಹಿಡಿದ ಕ್ರೇನ್ ಒಂದಿತ್ತು, ಅದರ ತುದಿಯಲ್ಲಿ ಯಾರೋ ಒಂದು ಬೆಂಚು ಹಾಕಿದ್ದರು. ಆ ಬೆಂಚಿನ ಬಗ್ಗೆ ಒಬ್ಬ ಬ್ಲಾಗರ್ ಬರೆದ ಎರಡು ಪ್ಯಾರಾ, ತೆಗೆದ ಮೂರು ಫೋಟೋ ಬಿಟ್ಟರೆ ಆ ಬಂದರಿನದು ಏನೂ ಉಳಿದಿಲ್ಲ.

ನಾನು ಬಂದು ಎರಡು ವಾರ ಆಯ್ತು. ಯಾರನ್ನು ಓದೋದು, ಒಂದು ಲಿಸ್ಟ್ ಕೊಡಿ.

ಲಿಸ್ಟ್ ಕೊಡುವುದಿಲ್ಲ, ಬೇಜಾರಾಗಬೇಡಿ. ನನ್ನ ಲಿಸ್ಟ್ ನನ್ನ ರುಚಿಯದು. ನಿಮಗೆ ಡ್ರ್ಯಾಗನ್ ಆಗಿ ಹಾರುವ ಆಸೆಯಿದ್ದರೆ, ನಾನು ಕೊಟ್ಟ ಸೋಫಾ ಬ್ಲಾಗ್ ಇಟ್ಟುಕೊಂಡು ಏನು ಮಾಡುತ್ತೀರಿ?

ಶುರುವಿಗೆ ಸುದ್ದಿ ಕೊಡುವವರು ಒಬ್ಬರಿರಲಿ, ಇಲ್ಲದಿದ್ದರೆ ನಿಯಮ ಬದಲಾದದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಜಾಗಗಳನ್ನು ಸುತ್ತಿ ಬರೆಯುವವರು ಒಬ್ಬರಿರಲಿ. ಆಮೇಲೆ ನೀವು ಅಲ್ಲಿ ಏನು ಮಾಡಬೇಕೆಂದು ಬಂದಿರೋ ಅದನ್ನೇ ಮಾಡುತ್ತಿರುವ ಒಬ್ಬರನ್ನು ಹುಡುಕಿಕೊಳ್ಳಿ. ಮೂರು ಸಾಕು. ಉಳಿದವರು ಅವರ ಹಿಂದೆಯೇ ಬರುತ್ತಾರೆ.

ಬ್ಲಾಗ್ ನೋಡಿ ಬಟ್ಟೆ ಹಾಕಿಕೊಂಡೆ, ಮೈಗೆ ಹೊಂದಲೇ ಇಲ್ಲ. ಬ್ಲಾಗರ್ ಸುಳ್ಳು ಹೇಳಿದ್ರಾ?

ಬಹುಶಃ ಇಲ್ಲ. ನೀವು ತಾರೀಖು ನೋಡಿರುವುದಿಲ್ಲ. 2011ರಲ್ಲಿ ಮೆಶ್ ಎಂಬ ಹೊಸ 3ಡಿ ಮಾದರಿ ಬಂತು, ಬಟ್ಟೆ ಮಾಡುವ ರೀತಿಯೇ ಬದಲಾಯಿತು. 2016ರ ಕೊನೆಗೆ ಬೆಂಟೊ ಬಂದು ಬೆರಳು, ಮುಖ, ಬಾಲ, ರೆಕ್ಕೆಗಳಿಗೆ ಹೊಸ ಮೂಳೆ ಸಿಕ್ಕಿತು. 2023ರ ಕೊನೆಗೆ ಪಿಬಿಆರ್ ಮೆಟೀರಿಯಲ್ ಬಂದು ಹೊಳಪು, ನೆರಳು ಕಾಣುವ ರೀತಿ ಬದಲಾಯಿತು. ಗಾಚಾ ಯಂತ್ರಗಳ (ದುಡ್ಡು ಹಾಕಿದರೆ ಯಾವ ಸಾಮಾನು ಬರುತ್ತದೆಂದು ಮೊದಲೇ ಗೊತ್ತಾಗದ ಮಾರಾಟ ಯಂತ್ರ) ಬಗ್ಗೆ ಖುಷಿಯಿಂದ ಬರೆದಿದ್ದರೆ ಅದು 2021ರ ಆಗಸ್ಟ್ ಒಳಗಿನದು ಎಂದುಕೊಳ್ಳಿ. ಆಮೇಲೆ ಆ ಮಾರಾಟಕ್ಕೆ ತಡೆ ಬಿತ್ತು. ಬಟ್ಟೆ ಯಾವ ಮೆಶ್ ದೇಹಕ್ಕೆ (ಅಂಗಡಿಯವರು ಮಾಡಿ ಮಾರುವ ಅವತಾರ್ ಮೈ) ಹೊಲಿದದ್ದು ಎಂಬುದನ್ನೂ ನೋಡಿ. ಒಳ್ಳೆಯ ಫ್ಯಾಷನ್ ಬ್ಲಾಗರ್ ಅದನ್ನು ತಪ್ಪದೇ ಬರೆದಿರುತ್ತಾರೆ.

## ಹುಡುಕುವುದು

ಗೂಗಲ್ ಮಾಡಿದರೆ ಹತ್ತು ವರ್ಷದ ಹಿಂದಿನವೇ ಬರ್ತಾವೆ. ಈಗ ಬರೀತಿರೋರು ಎಲ್ಲಿದ್ದಾರೆ?

‘ಸೆಕೆಂಡ್ ಲೈಫ್ ಬ್ಲಾಗ್’ ಅಂತ ಹುಡುಕಿದರೆ ಹಾಗೇ ಆಗುವುದು. ಹಳೆಯ ಬ್ಲಾಗ್‌ಗಳಿಗೆ ಹಳೆಯ ಲಿಂಕ್‌ಗಳ ಬಲ ಜಾಸ್ತಿ. ಅದರ ಬದಲು ಈ ತಿಂಗಳಷ್ಟೇ ಹುಟ್ಟಿದ ಯಾವುದಾದರೂ ವಸ್ತುವಿನ ಹೆಸರು ಹಾಕಿ: ಮೊನ್ನೆ ಬಿಡುಗಡೆಯಾದ ಒಂದು ಕೂದಲು, ಈಗ ನಡೆಯುತ್ತಿರುವ ಒಂದು ಮಾರಾಟ ಮೇಳ, ಹೊಸದಾಗಿ ತೆರೆದ ಒಂದು ದ್ವೀಪ. ಅದರ ಬಗ್ಗೆ ಬರೆದವರು ಈಗ ಬರೆಯುತ್ತಿರುವವರೇ ಆಗಿರಬೇಕು, ಅಲ್ವಾ?

ಇನ್ನೊಂದು ದೊಡ್ಡ ಬಾಗಿಲು ಫೋಟೋ ಹಂಚುವ ತಾಣ ಫ್ಲಿಕರ್. ಸೆಕೆಂಡ್ ಲೈಫ್ ಫೋಟೋಗ್ರಾಫರ್‌ಗಳು ಅಲ್ಲಿ ತುಂಬಿಕೊಂಡಿದ್ದಾರೆ. ಮೊನ್ನೆ ಹೀಗೇ ಒಂದು ಫೋಟೋ ನೋಡಿದೆ. ಮಳೆಯಲ್ಲಿ ನಿಂತ ಹುಡುಗಿ, ಹಿಂದೆ ಟ್ರಾಮ್. ಕೆಳಗೆ ವಿವರದಲ್ಲಿ ಕೂದಲು ಯಾರದು, ಚರ್ಮ ಯಾರದು, ಕೊಡೆ ಯಾರದು, ಪೋಸ್ ಯಾರದು ಅಂತ ಸಾಲಾಗಿ ಬರೆದಿತ್ತು. ಕೊನೆಯಲ್ಲಿ ಜಾಗದ ಸ್ಲರ್ಲ್ (ಒತ್ತಿದರೆ ಆ ಜಾಗಕ್ಕೇ ಕರೆದೊಯ್ಯುವ ಲಿಂಕ್), ಅದರ ಕೆಳಗೆ ಬ್ಲಾಗ್ ಲಿಂಕ್. ನಾನು ಸೀದಾ ಬ್ಲಾಗ್‌ಗೆ ಹೋಗಲಿಲ್ಲ. ಆ ಟ್ರಾಮ್ ಇದ್ದ ಜಾಗದ ಹೆಸರು ಹಿಡಿದು ಮತ್ತೆ ಹುಡುಕಿದೆ. ಅದೇ ಜಾಗದಲ್ಲಿ ಫೋಟೋ ತೆಗೆದ ಇನ್ನೂ ಐದಾರು ಜನ ಸಿಕ್ಕರು. ಅದರಲ್ಲಿ ಒಬ್ಬರು ಹುಡುಗಿಯನ್ನೇ ಬಿಟ್ಟು ಬರೀ ಟ್ರಾಮ್ ಹಳಿ ತೆಗೆದಿದ್ದರು. ಅವರ ಬ್ಲಾಗನ್ನು ಆವತ್ತು ರಾತ್ರಿ ಎರಡು ಗಂಟೆ ತನಕ ಓದಿದೆ.

ಕ್ರೆಡಿಟ್ ಸಾಲುಗಳನ್ನು ಯಾರೂ ಓದುವುದಿಲ್ಲ. ಹೊಸ ಬ್ಲಾಗರ್‌ಗಳು ಸಿಗುವುದು ಹೆಚ್ಚಾಗಿ ಅಲ್ಲೇ.

ಹೊರಗೆ ಬರದೆ, ಲೋಕದ ಒಳಗೇ ಬ್ಲಾಗರ್‌ಗಳನ್ನು ಕಂಡುಹಿಡಿಯೋಕೆ ಆಗುತ್ತಾ?

ಆಗುತ್ತದೆ, ಅದರ ಮಜಾನೇ ಬೇರೆ. ಅವತಾರ್ ತಲೆ ಮೇಲೆ ಹೆಸರಿನ ಜೊತೆ ಗ್ರೂಪ್ ಟ್ಯಾಗ್ ಕಾಣುತ್ತದಲ್ಲ, ಅದನ್ನು ಓದಿ. ಅಂಗಡಿಯ ಗ್ರೂಪ್‌ನಲ್ಲಿ ಬ್ಲಾಗರ್ ಆಗಿರುವವರಿಗೆ ಹಲವು ಕಡೆ ಆ ಪಟ್ಟವೇ ಟ್ಯಾಗ್‌ನಲ್ಲಿ ಇರುತ್ತದೆ. ಮೇಳ ತೆರೆಯುವ ಮೊದಲ ದಿನ ಇಂಥ ಟ್ಯಾಗ್‌ಗಳು ಜಾಸ್ತಿ ಕಣ್ಣಿಗೆ ಬೀಳುತ್ತವೆ. ವೇಳಾಪಟ್ಟಿ ನೋಡುವಾಗ ಒಂದು ನೆನಪಿರಲಿ, ಎಸ್‌ಎಲ್‌ಟಿ ಎಂದು ಬರೆದಿದ್ದರೆ ಅದು ಅಮೆರಿಕದ ಪೆಸಿಫಿಕ್ ಸಮಯ.

ಅದಕ್ಕಿಂತ ಒಳ್ಳೆಯದು ಪಿಕ್ಸ್. ಪ್ರತಿಯೊಬ್ಬರ ಪ್ರೊಫೈಲ್‌ನಲ್ಲೂ ಮೆಚ್ಚಿನ ಜಾಗಗಳನ್ನು ಹಾಕಿಕೊಳ್ಳಲು ಆ ಹೆಸರಿನ ಒಂದು ಪುಟವಿದೆ. ಜಾಗ ಹಾಕಿ ಅಂತ ಕೊಟ್ಟದ್ದರಲ್ಲಿ ಜನ ಗೆಳೆಯರನ್ನು ಹಾಕಿದರು, ಗಂಡ ಹೆಂಡಿರನ್ನು ಹಾಕಿದರು, ಓದುವ ಬ್ಲಾಗನ್ನೂ ಹಾಕಿದರು. ಒಂದು ಗ್ಯಾಲರಿಯಲ್ಲಿ ನಿಮ್ಮ ಪಕ್ಕ ನಿಂತು ಚಿತ್ರ ನೋಡುತ್ತಿರುವವರ ಪಿಕ್ಸ್ ತೆರೆದು ನೋಡಿ. ಇಲ್ಲಿ ಬೇರೆಯವರ ಪ್ರೊಫೈಲ್ ನೋಡುವುದು ಕದ್ದು ನೋಡಿದ ಹಾಗಲ್ಲ. ಎಲ್ಲರೂ ಮಾಡುವ ಕೆಲಸ, ಮಾಡದಿದ್ದರೇ ವಿಚಿತ್ರ.

ಬ್ಲಾಗ್‌ರೋಲ್ ಅಂತ ಇರ್ತಿತ್ತಲ್ಲ, ಅದು ಸತ್ತೋಯ್ತಾ?

ಅರ್ಧ ಸತ್ತಿದೆ. 2013ರ ಜುಲೈ 1ಕ್ಕೆ ಗೂಗಲ್ ರೀಡರ್ ಮುಚ್ಚಿದ ಮೇಲೆ ಬಹಳ ಜನ ಫೀಡ್ (ಬ್ಲಾಗಿನ ಹೊಸ ಬರಹ ತಾನಾಗೇ ಬಂದು ಸೇರುವ ವ್ಯವಸ್ಥೆ) ಓದುವುದನ್ನೇ ಬಿಟ್ಟರು. ಪಕ್ಕದ ಅಂಚಿನಲ್ಲಿ ಗೆಳೆಯರ ಬ್ಲಾಗ್‌ಗಳ ಪಟ್ಟಿ ಇಡುವುದೂ ನಿಧಾನವಾಗಿ ಕಡಿಮೆಯಾಯಿತು. ಸಿಕ್ಕರೆ ಮಾತ್ರ ಬಿಡಬೇಡಿ. ಪಟ್ಟಿಯಲ್ಲಿ ಮೂವತ್ತು ಹೆಸರಿದ್ದರೆ ಇಪ್ಪತ್ತು ಮುಚ್ಚಿರುತ್ತವೆ, ಉಳಿದ ಹತ್ತು ಗಟ್ಟಿ ಕುಳಗಳು.

ಸಿಕ್ಕವರನ್ನೆಲ್ಲ ಹೇಗೆ ನೆನಪಿಟ್ಟುಕೊಳ್ಳೋದು? ಬುಕ್‌ಮಾರ್ಕ್ ತುಂಬಿ ಹೋಗಿದೆ.

ಆರ್‌ಎಸ್‌ಎಸ್ ರೀಡರ್, ಅಂದರೆ ಎಲ್ಲ ಬ್ಲಾಗ್‌ಗಳ ಫೀಡ್ ಒಂದೇ ಕಡೆ ತೋರಿಸುವ ತಂತ್ರಾಂಶ, ಹಾಕಿಕೊಳ್ಳಿ. ವರ್ಡ್‌ಪ್ರೆಸ್, ಗೂಗಲ್‌ನ ಬ್ಲಾಗರ್ ತಾಣ ಎರಡರಲ್ಲೂ ಫೀಡ್ ತಾನಾಗೇ ಇರುತ್ತದೆ. ಆರು ತಿಂಗಳಿಗೊಮ್ಮೆ ಬರೆಯುವವರನ್ನು ಕಳೆದುಕೊಳ್ಳದೆ ಇರಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಎಲ್ಲರೂ ಅದೇ ಡ್ರೆಸ್, ಅದೇ ಪೋಸ್. ಬೇರೆ ಥರ ಬರೆಯೋರು ಯಾಕೆ ಸಿಗಲ್ಲ?

ಒಂದೇ ಥರ ಕಾಣಲು ಕಾರಣವಿದೆ. ಅಂಗಡಿಯವರು ಹೊಸ ಬಟ್ಟೆಯನ್ನು ತಮ್ಮ ಬ್ಲಾಗರ್‌ಗಳಿಗೆಲ್ಲ ಒಂದೇ ದಿನ ಕಳಿಸುತ್ತಾರೆ. ಮೇಳ ತೆರೆಯುವ ಹೊತ್ತಿಗೆ ಎಲ್ಲರ ಫೋಟೋ ಬಂದಿರಬೇಕು. ಹತ್ತು ಜನ, ಒಂದೇ ಕೋಟು, ಒಂದೇ ವಾರ. ಅವರ ತಪ್ಪೇನೂ ಇಲ್ಲ.

ನೀವು ಆ ಬೀದಿ ಬಿಟ್ಟು ಪಕ್ಕದ ಬೀದಿಗೆ ಹೋಗಬೇಕು. ಬ್ಲೇಕ್ ಸೀ ಎಂಬ ದೊಡ್ಡ ಸಮುದ್ರವಿದೆ. ಒಂದೊಂದು ರೀಜನ್ (ಈ ಲೋಕದ ಒಂದು ಚೌಕ) 256 ಮೀಟರ್ ಉದ್ದ, ಅಷ್ಟೇ ಅಗಲ. ಅಂಥವನ್ನು ಎಷ್ಟೋ ಜೋಡಿಸಿ ಮಾಡಿದ ನೀರು. ಅಲ್ಲಿ ಹಾಯಿದೋಣಿ ಓಡಿಸುವವರು ಬರೆಯುವುದನ್ನು ಓದಿ. ರೀಜನ್ ಗಡಿ ದಾಟುವಾಗ ದೋಣಿ ಒಂದು ಕಡೆ, ತಾವು ಒಂದು ಕಡೆ ಆಗಿ ನೀರಿಗೆ ಬಿದ್ದದ್ದನ್ನು ಇವರಷ್ಟು ಚೆನ್ನಾಗಿ ಯಾರೂ ಹೇಳುವುದಿಲ್ಲ. 2019ರಲ್ಲಿ ತೆರೆದ, ಕಂಪನಿಯೇ ಮನೆ ಕೊಡುವ ಬೆಲ್ಲಿಸೀರಿಯಾ ಖಂಡದಲ್ಲಿ ಮನೆ ಸಿಕ್ಕವರು ನೆರೆಹೊರೆಯ ಸುದ್ದಿ ಬರೆಯುತ್ತಾರೆ. ಫ್ಯಾಂಟಸಿ ಫೇರ್ ಎಂಬ ಮೇಳ ಪ್ರತಿ ವರ್ಷ ನಡೆಯುತ್ತದೆ, ಅಮೆರಿಕನ್ ಕ್ಯಾನ್ಸರ್ ಸೊಸೈಟಿಗೆ ದುಡ್ಡು ಕೂಡಿಸುವ ರಿಲೇ ಫಾರ್ ಲೈಫ್ ಕೆಲಸದ ಭಾಗ ಅದು. ಆ ದಿನಗಳಲ್ಲಿ ಅಂಗಡಿಗಿಂತ ಕಥೆ ಬರೆಯುವವರು ಹೆಚ್ಚು ಕಣ್ಣಿಗೆ ಬೀಳುತ್ತಾರೆ. ಹಳೇ ಇನ್ವೆಂಟರಿಯಲ್ಲಿ (ಅವತಾರ್‌ನ ಸಾಮಾನಿನ ಗಂಟು) ಬಿದ್ದಿದ್ದ ಹಳೇ ಅಂಗಿ ಹುಡುಕಿ ಹಾಕಿಕೊಂಡು ಬರೆಯುವವರು ಸಿಕ್ಕರಂತೂ ಗಟ್ಟಿಯಾಗಿ ಹಿಡಿದುಕೊಳ್ಳಿ.

## ನಾಲ್ಕು ಜನರಿಗೆ ಹೇಳುವುದು

ಇಷ್ಟವಾದ ಹತ್ತು ಬ್ಲಾಗರ್‌ಗಳ ಹೆಸರು ಹಾಕಿದರೆ ಸಾಲದಾ?

ಹಾಕಬಹುದು. ಯಾರೂ ಕ್ಲಿಕ್ ಮಾಡುವುದಿಲ್ಲ. ನಾನೂ ಒಮ್ಮೆ ಇಪ್ಪತ್ತೈದು ಹೆಸರಿನ ಪಟ್ಟಿ ಮಾಡಿದ್ದೆ. ಹೆಸರಿದ್ದವರೆಲ್ಲ ಬಂದು ಥ್ಯಾಂಕ್ಸ್ ಹೇಳಿ ಹೋದರು. ಓದಲು ಹೋದವರು ಯಾರೂ ಇಲ್ಲ.

ಒಬ್ಬರ ಬಗ್ಗೆ ಹೇಳುವಾಗ ಅವರ ಒಂದು ಬರಹಕ್ಕೆ ಕೈ ತೋರಿಸಿ, ಅದರಲ್ಲಿ ನಿಮ್ಮನ್ನು ನಿಲ್ಲಿಸಿದ್ದು ಯಾವುದು ಅಂತ ಹೇಳಿ. ‘ತುಂಬಾ ಸುಂದರ ಬ್ಲಾಗ್, ಎಲ್ಲರೂ ನೋಡಿ’ ಅಂದರೆ ಓದುವವರಿಗೆ ಏನೂ ಸಿಗುವುದಿಲ್ಲ. ‘ಇವರು ಒಂದೇ ಲೈಟ್‌ಹೌಸನ್ನು ವರ್ಷಪೂರ್ತಿ ಬೇರೆ ಬೇರೆ ಆಕಾಶ ಹಾಕಿ ತೆಗೆದಿದ್ದಾರೆ, ನವೆಂಬರ್‌ನದ್ದು ಮೊದಲು ನೋಡಿ, ಅದರಲ್ಲಿ ದೀಪ ಆರಿದೆ’ ಅಂದರೆ ಕೈ ತಾನಾಗೇ ಲಿಂಕ್ ಮೇಲೆ ಹೋಗುತ್ತದೆ. ಎರಡನೆಯದನ್ನು ಬರೆಯಬೇಕಾದರೆ ನೀವು ನಿಜವಾಗಿ ಓದಿರಬೇಕು, ಕಷ್ಟ ಇರುವುದು ಅಲ್ಲೇ.

ಹತ್ತು ಜನರ ಬಗ್ಗೆ ಹೀಗೆ ಹೇಳಲು ಆಗದಿದ್ದರೆ ಇಬ್ಬರ ಬಗ್ಗೆ ಹೇಳಿ.

ಎಲ್ಲರೂ ಹೇಳೋ ಅದೇ ನಾಲ್ಕು ಜನರನ್ನು ನಾನೂ ಹೇಳಬೇಕಾ? ಬಿಟ್ಟರೆ ಗೊತ್ತಿಲ್ಲ ಅಂದ್ಕೊಳ್ತಾರೆ.

ಅಂದುಕೊಳ್ಳಲಿ ಬಿಡಿ. ದೊಡ್ಡ ಬ್ಲಾಗ್‌ಗಳು ಹೊಸಬರಿಗೆ ನಿಜಕ್ಕೂ ಉಪಯೋಗ, ಅದಕ್ಕೇ ಅವು ದೊಡ್ಡವಾದದ್ದು. ಕೇಳಿದವರು ಹೊಸಬರಾದರೆ ಒಂದನ್ನು ಖಂಡಿತ ಹೇಳಿ. ಉಳಿದ ಜಾಗವನ್ನು ನಿಮಗೆ ಮಾತ್ರ ಗೊತ್ತಿರುವವರಿಗೆ ಇಡಿ. ತಿಂಗಳಿಗೆ ನಲವತ್ತು ಜನ ಓದುವ ಬ್ಲಾಗ್‌ಗೆ ಹೊಸದಾಗಿ ಐದು ಜನ ಬಂದರೆ ಅವರಿಗೆ ಅದು ಹಬ್ಬ.

ಫ್ರೆಂಡ್ ಬ್ಲಾಗ್ ಅಷ್ಟೇನೂ ಚೆನ್ನಾಗಿಲ್ಲ. ಹೇಳದೇ ಬಿಟ್ಟರೆ ಬೇಜಾರು ಮಾಡ್ಕೋತಾರೆ. ಏನು ಮಾಡಲಿ?

ಇದಕ್ಕೆ ಸುಲಭದ ಉತ್ತರ ಇಲ್ಲ. ನಾನು ಮಾಡುವುದು ಇಷ್ಟು: ಅವರ ಬ್ಲಾಗ್ ಪೂರ್ತಿ ಕೂತು ಓದುತ್ತೇನೆ. ಎಲ್ಲೋ ಒಂದು ಕಡೆ, ಒಂದೇ ಒಂದು ಬರಹ ಮನಸ್ಸಿಗೆ ಹಿಡಿಸುತ್ತದೆ. ಗೆಳತಿಯೊಬ್ಬಳು ವಾರಕ್ಕೆ ಐದು ಸಲ ಶೂ ಬಗ್ಗೆ ಬರೆಯುತ್ತಿದ್ದಳು, ನನಗೆ ಒಂದೂ ರುಚಿಸುತ್ತಿರಲಿಲ್ಲ. ಹುಡುಕುತ್ತಾ ಹೋದಾಗ ತಾನು ಮೊದಲ ದಿನ ಲಾಗಿನ್ ಆದಾಗ ತಲೆಗೆ ಒಂದು ಪೆಟ್ಟಿಗೆ ಅಂಟಿಸಿಕೊಂಡು ಮೂರು ಗಂಟೆ ತಿರುಗಾಡಿದ್ದನ್ನು ಬರೆದಿದ್ದಳು. ಬಿಚ್ಚದ ಪೆಟ್ಟಿಗೆಯನ್ನು ಕೂದಲು ಅಂತ ಹಾಕಿಕೊಂಡಿದ್ದಳಂತೆ. ಅದೊಂದನ್ನೇ ಎಲ್ಲರಿಗೂ ಹೇಳಿದೆ. ಸುಳ್ಳೂ ಆಗಲಿಲ್ಲ, ಅವಳಿಗೂ ಖುಷಿಯಾಯಿತು. ಆಮೇಲೆ ಅಂಥವನ್ನು ಒಂದೆರಡು ಜಾಸ್ತಿಯೇ ಬರೆದಳು.

ಅಷ್ಟು ಹುಡುಕಿದರೂ ಏನೂ ಸಿಗದಿದ್ದರೆ ಸುಮ್ಮನಿರಿ. ನಿಮ್ಮ ಮಾತನ್ನು ನಂಬಿ ಹೋದವರು ಒಂದು ಸಲ ಬೇಸತ್ತರೆ ಮುಂದಿನ ಸಲ ನಂಬುವುದಿಲ್ಲ.

ಅವರು ನನ್ನ ಬಗ್ಗೆ ಹೇಳಿದ್ರು. ಈಗ ನಾನೂ ಅವರ ಬಗ್ಗೆ ಹೇಳ್ಬೇಕಾ?

ಬೇಕಿಲ್ಲ. ಇದು ಮುಯ್ಯಿ ಲೆಕ್ಕ ಅಲ್ಲ. ಥ್ಯಾಂಕ್ಸ್ ಹೇಳಿ, ಅವರದ್ದನ್ನು ಓದಿ. ಇಷ್ಟವಾದರೆ ಮುಂದೆ ಯಾವತ್ತಾದರೂ ಹೇಳಿದರಾಯಿತು.

ಹೇಳೋ ಮೊದಲು ಅವರನ್ನು ಕೇಳಬೇಕಾ? ಅವರ ಫೋಟೋ ಹಾಕಬಹುದಾ?

ಎಲ್ಲರಿಗೂ ತೆರೆದಿಟ್ಟ ಬರಹದ ಲಿಂಕ್ ಕೊಡಲು ಕೇಳಬೇಕಾಗಿಲ್ಲ. ಫೋಟೋ ಬೇರೆ ವಿಷಯ. ಅದು ತೆಗೆದವರ ಸೊತ್ತು, ಕೇಳಿಯೇ ಹಾಕಿ. ಒಂದು ಸಾಲಿನ ನೋಟ್‌ಕಾರ್ಡ್ ಸಾಕು, ಬಹಳ ಜನ ಒಪ್ಪುತ್ತಾರೆ.

ನೀವೇ ಹೋಗಿ ಅವರ ಜಾಗದ ಸ್ನ್ಯಾಪ್‌ಶಾಟ್ ತೆಗೆಯುವುದಾದರೆ ಮೊದಲು ಆ ನೆಲದ ಕವೆನೆಂಟ್ (ಮಾಲೀಕರ ನಿಯಮಗಳ ಪತ್ರ) ಓದಿ. ಫೋಟೋ ಬೇಡ ಅಂತ ಅಲ್ಲಿ ಬರೆದಿದ್ದರೆ ಬೇಡ. ವಿಡಿಯೋಗೆ ನಿಯಮ ಇನ್ನೂ ಬಿಗಿ, ಗುರುತು ಸಿಗುವ ಹಾಗೆ ಕಾಣುವ ಅವತಾರ್‌ಗಳ ಒಪ್ಪಿಗೆಯೂ ಬೇಕು. ಜಾಗದ ದರ್ಜೆಯನ್ನೂ ಹೇಳಿಬಿಡಿ: ಜನರಲ್, ಮಾಡರೇಟ್, ಅಡಲ್ಟ್ ಅಂತ ಮೂರಿವೆ. ನಿಮ್ಮ ಮಾತು ಕೇಳಿ ಯಾರೋ ಆಫೀಸಿನಲ್ಲಿ ಕೂತು ಅಡಲ್ಟ್ ಬ್ಲಾಗ್ ತೆರೆದರೆ ಅವರ ಪಾಡು ಯೋಚಿಸಿ.

## ಸ್ವಲ್ಪ ಸೂಕ್ಷ್ಮದ್ದು

ಅಂಗಡಿಯಿಂದ ಫ್ರೀಯಾಗಿ ಬಟ್ಟೆ ತಗೊಂಡು ಬರೆಯೋರನ್ನು ನಂಬಬಹುದಾ?

ಫ್ರೀಯಾಗಿ ತಗೊಳ್ಳುವುದರಲ್ಲಿ ತಪ್ಪಿಲ್ಲ, ಮುಚ್ಚಿಡುವುದರಲ್ಲಿ ಇದೆ. ಅಂಗಡಿಯವರು ಬ್ಲಾಗರ್ ಬೇಕು ಅಂತ ಅರ್ಜಿ ಕರೆಯುತ್ತಾರೆ, ಆಯ್ಕೆಯಾದವರಿಗೆ ಹೊಸ ಸಾಮಾನು ಕೊಡುತ್ತಾರೆ. ತಿಂಗಳಿಗೆ ಇಷ್ಟು ಪೋಸ್ಟ್ ಅಂತ ಲೆಕ್ಕ ಇರುತ್ತದೆ. ತಪ್ಪಿದರೆ ಗ್ರೂಪ್‌ನಿಂದ ಹೊರಗೆ. ಹೊರಗಿನವರಿಗೆ ಇದು ಬಿಟ್ಟಿ ಅನಿಸುತ್ತದೆ, ಆದರೆ ಒಂದು ಫೋಟೋಗೆ ನಾಲ್ಕು ಗಂಟೆ ಕೂತವರಿಗೆ ಗೊತ್ತು ಯಾರು ಯಾರಿಗೆ ಬಿಟ್ಟಿ ಕೊಟ್ಟರು ಅಂತ.

ನಾನೂ ಒಂದು ಶೂ ಅಂಗಡಿಗೆ ಬರೆಯುತ್ತಿದ್ದೆ. ಒಂದು ಜೊತೆ ನಿಂತಾಗ ಸರಿಯಿತ್ತು, ನಡೆದಾಗ ಹಿಮ್ಮಡಿ ಚರ್ಮದಿಂದ ಆಚೆ ಬರುತ್ತಿತ್ತು. ಅಷ್ಟನ್ನು ಒಂದು ಸಾಲಿನಲ್ಲಿ ಬರೆದೆ. ಮರುದಿನ ಬೆಳಿಗ್ಗೆ ನೋಡಿದರೆ ನಾನು ಆ ಗ್ರೂಪ್‌ನಲ್ಲಿ ಇರಲಿಲ್ಲ. ಒಂದು ಮಾತಿಲ್ಲ, ಕತೆಯಿಲ್ಲ. ಹದಿನೈದು ದಿನ ಸಿಟ್ಟಿತ್ತು. ಒಂದು ಲಾಭವಂತೂ ಆಯಿತು: ಆವತ್ತಿನಿಂದ ಬೇರೆಯವರ ಬ್ಲಾಗ್‌ನಲ್ಲಿ ಇಂಥ ಒಂದು ಸಾಲು ಇದೆಯಾ ಅಂತ ಹುಡುಕುತ್ತೇನೆ. ನೂರು ಪೋಸ್ಟ್‌ನಲ್ಲಿ ಒಂದು ಕಡೆಯೂ ‘ಇದು ಹೊಂದಲಿಲ್ಲ’ ಅಂತ ಇಲ್ಲದಿದ್ದರೆ ಅವರು ಫೋಟೋಗ್ರಾಫರ್, ವಿಮರ್ಶಕರಲ್ಲ. ಫೋಟೋಗ್ರಾಫರ್ ಅಂತಲೇ ಶಿಫಾರಸು ಮಾಡಿ, ತಪ್ಪೇನಿಲ್ಲ.

ಉಚಿತವಾಗಿ ಬಂದದ್ದನ್ನು ಹಾಗೆಂದು ಬರೆದಿದ್ದಾರಾ ನೋಡಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ತನ್ನ ಮಾರ್ಗಸೂಚಿಯಲ್ಲಿ ಬ್ಲಾಗರ್‌ಗಳ ವಿಷಯ ಸೇರಿಸಿ, ಹೀಗೆ ಬಂದದ್ದನ್ನು ಓದುಗರಿಗೆ ತಿಳಿಸಬೇಕು ಎಂದಿತ್ತು. ನೀವು ಯಾವುದೇ ಅಂಗಡಿಯ ಬ್ಲಾಗರ್ ಆಗಿದ್ದು ಅದೇ ಅಂಗಡಿಯ ಇನ್ನೊಬ್ಬ ಬ್ಲಾಗರ್ ಬಗ್ಗೆ ಹೇಳುತ್ತಿದ್ದರೆ ಅದನ್ನೂ ಹೇಳಿಬಿಡಿ.

ಹೆಸರು ಕೊಟ್ಟರೂ ಜನಕ್ಕೆ ಅವರು ಸಿಗ್ತಿಲ್ಲ. ಏನು ತಪ್ಪು ಮಾಡ್ದೆ?

ಡಿಸ್‌ಪ್ಲೇ ನೇಮ್ ಕೊಟ್ಟಿರುತ್ತೀರಿ. 2010ರಲ್ಲಿ ಬಂದ ಈ ಹೆಸರನ್ನು ವಾರಕ್ಕೊಮ್ಮೆ ಬದಲಿಸಬಹುದು. ಇಬ್ಬರು ಒಂದೇ ಹೆಸರು ಇಟ್ಟುಕೊಳ್ಳಲೂಬಹುದು. ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ಯೂಸರ್‌ನೇಮ್ ಕೊಡಿ. 2020ರಿಂದ ಪ್ರೀಮಿಯಂ ಸದಸ್ಯರು ದುಡ್ಡು ಕೊಟ್ಟು ಅದನ್ನೂ ಬದಲಿಸಬಹುದು, ಆದರೆ ಅದು ಅಪರೂಪ.

ಈ ಬ್ಲಾಗರ್ ಮತ್ತು ಆ ಬಿಲ್ಡರ್ ಒಬ್ಬರೇ ಅಂತ ನನಗೆ ಗೊತ್ತು. ಹೇಳಬಹುದಾ?

ಹೇಳಬೇಡಿ. ಇಲ್ಲಿ ಒಬ್ಬರಿಗೆ ಎರಡು ಮೂರು ಅವತಾರ್ ಇರುವುದು ಮಾಮೂಲು, ಅದನ್ನು ಆಲ್ಟ್ ಎನ್ನುತ್ತಾರೆ. ಯಾಕೆ ಬೇರೆ ಬೇರೆ ಇಟ್ಟುಕೊಂಡಿದ್ದಾರೆ ಎನ್ನುವುದು ಅವರ ವಿಷಯ. ಒಬ್ಬರ ಆಲ್ಟ್ ಯಾವುದು, ಹೊರಗಿನ ಹೆಸರೇನು, ಎಲ್ಲಿದ್ದಾರೆ ಎಂಬುದನ್ನು ಅವರನ್ನು ಕೇಳದೆ ಹಂಚುವುದಕ್ಕೆ ಸೆಕೆಂಡ್ ಲೈಫ್ ನಡತೆ ನಿಯಮಗಳಲ್ಲೇ ಅಡ್ಡಿಯಿದೆ. ಖಾಸಗಿ ಚಾಟ್ ನಕಲು ಮಾಡಿ ಹಾಕುವುದಕ್ಕೂ ಅಷ್ಟೇ.

ನಾನು ಈ ತಪ್ಪು ಮಾಡಿದ್ದೇನೆ. ಒಬ್ಬರನ್ನು ಹೊಗಳುವ ಭರದಲ್ಲಿ ‘ಮನೆ ಕಟ್ಟುವ ಕೈಯೇ ಇಷ್ಟು ಚೆನ್ನಾಗಿ ಬರೆಯುತ್ತದೆ ಅಂತ ಗೊತ್ತಿರಲಿಲ್ಲ’ ಅಂದುಬಿಟ್ಟೆ. ಅವರು ಮನೆ ಕಟ್ಟುತ್ತಿದ್ದುದು ಬೇರೆ ಹೆಸರಿನಲ್ಲಿ. ಹತ್ತು ನಿಮಿಷದಲ್ಲಿ ಅಳಿಸಿದೆ. ಆ ಹತ್ತು ನಿಮಿಷದಲ್ಲಿ ನೋಡಬೇಕಾಗಿರದವರು ನೋಡಿಯಾಗಿತ್ತು. ಅವರು ನನ್ನ ಮೇಲೆ ಕೂಗಾಡಲಿಲ್ಲ. ಬ್ಲಾಗ್ ಮುಚ್ಚಿದರು.

ಬರೆಯೋದು ನಿಲ್ಲಿಸಿದವರನ್ನು ಶಿಫಾರಸು ಮಾಡೋದ್ರಲ್ಲಿ ಅರ್ಥ ಇದೆಯಾ?

ಖಂಡಿತ ಇದೆ. ಆಗಲೇ ಹೇಳಿದ ಬಂದರು ನೆನಪಿಸಿಕೊಳ್ಳಿ. ಎಚ್ಚರಿಕೆ ಮಾತ್ರ ಬೇಕು. ಸ್ವಂತ ಡೊಮೇನ್ ಇಟ್ಟುಕೊಂಡು ಬರೆಯುತ್ತಿದ್ದವರು ದುಡ್ಡು ಕಟ್ಟುವುದು ನಿಲ್ಲಿಸಿದರೆ ಆ ಹೆಸರನ್ನು ಬೇರೆ ಯಾರೋ ಕೊಳ್ಳುತ್ತಾರೆ. ನಾನು ಪ್ರೀತಿಯಿಂದ ಕೊಟ್ಟ ಒಂದು ಲಿಂಕ್ ವರ್ಷದ ನಂತರ ಜೂಜಿನ ಸೈಟಿಗೆ ಹೋಗುತ್ತಿತ್ತು. ಓದುಗರೊಬ್ಬರು ಹೇಳಿದ ಮೇಲೆ ಗೊತ್ತಾಯಿತು. ಈಗ ನಿಂತುಹೋದ ಬ್ಲಾಗ್‌ಗಳಿಗೆ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಉಳಿದ ಪ್ರತಿಯ ಲಿಂಕ್ ಕೊಡುತ್ತೇನೆ. ಚಿತ್ರಗಳು ಕೆಲವು ಬರುವುದಿಲ್ಲ, ಅಕ್ಷರ ಇರುತ್ತದೆ.

ಹಳೇ ಪೋಸ್ಟಿನ ಸ್ಲರ್ಲ್ ಒತ್ತಿ ನೋಡದೆ ಯಾರಿಗೂ ಕೊಡಬೇಡಿ. ಸ್ಲರ್ಲ್ ಅಂದರೆ ರೀಜನ್ ಹೆಸರು ಮತ್ತು ಅದರೊಳಗಿನ ಜಾಗ ತೋರಿಸುವ ಮೂರು ಸಂಖ್ಯೆ, ಅಷ್ಟೇ. ಆಗ ಕೆಫೆ ಇದ್ದ ಕಡೆ ಈಗ ಯಾರದ್ದೋ ಮಲಗುವ ಕೋಣೆ ಇರಬಹುದು.

ಬೇರೆ ವರ್ಚುವಲ್ ಲೋಕದವರನ್ನೂ ಸೇರಿಸಬಹುದಾ?

ಸೇರಿಸಿ. ಓಪನ್‌ಸಿಮ್ ಎಂಬ ಮುಕ್ತ ತಂತ್ರಾಂಶ 2007ರಿಂದ ಇದೆ. ನೋಡಲು ಸೆಕೆಂಡ್ ಲೈಫ್ ತಮ್ಮನ ಥರ. ಅದರ ಗ್ರಿಡ್‌ಗಳ (ಅದರಲ್ಲಿ ಕಟ್ಟಿದ ಬೇರೆ ಬೇರೆ ಲೋಕಗಳು) ನಡುವೆ ಹೈಪರ್‌ಗ್ರಿಡ್ ಎಂಬ ದಾರಿ ಹಿಡಿದು ಓಡಾಡುವವರು ಬರೆಯುವುದು ಪ್ರವಾಸ ಕಥನವೇ. ವಿಆರ್‌ಚಾಟ್ ಎಂಬ ಇನ್ನೊಂದು ಲೋಕದ ಜನ ಬರೆಯುವುದಕ್ಕಿಂತ ಮಾತಾಡುವುದು ಜಾಸ್ತಿ. ಯಾವ ಲೋಕ ಅಂತ ಮೊದಲ ಸಾಲಲ್ಲೇ ಹೇಳಿ, ಇಲ್ಲದಿದ್ದರೆ ಓದುಗರು ಟೆಲಿಪೋರ್ಟ್ ಆಗಲು ಹೋಗಿ ತಲೆ ಕೆಡಿಸಿಕೊಳ್ಳುತ್ತಾರೆ.

ನಾನೂ ಎರಡು ವರ್ಷದಿಂದ ಬರೀತಿದ್ದೀನಿ. ನನ್ನ ಹೆಸರನ್ನು ಯಾರೂ ಹೇಳಲ್ಲ, ಯಾಕೆ?

ಬಹಳ ಸಲ ಕಾರಣ ಸಣ್ಣದಿರುತ್ತದೆ. ಬ್ಲಾಗ್‌ನಲ್ಲಿ ಎಲ್ಲೂ ಯೂಸರ್‌ನೇಮ್ ಇರುವುದಿಲ್ಲ. ಪ್ರೊಫೈಲ್‌ನಲ್ಲಿ ಬ್ಲಾಗ್ ವಿಳಾಸ ಇರುವುದಿಲ್ಲ. ಪೋಸ್ಟಿಗೆ ತಾರೀಖಿಲ್ಲ, ಸ್ಲರ್ಲ್ ತಪ್ಪಿದೆ. ಎಲ್ಲ ಪೋಸ್ಟಿಗೂ ಹಾಡಿನ ಸಾಲಿನ ತಲೆಬರಹ. ಹೀಗಿದ್ದರೆ ನಿಮ್ಮನ್ನು ಮೆಚ್ಚಿದವರಿಗೂ ‘ಯಾವ ಪೋಸ್ಟ್’ ಅಂತ ಹೇಳಲು ಆಗುವುದಿಲ್ಲ. ಇವತ್ತೇ ಕೂತು ಇವಿಷ್ಟನ್ನು ಸರಿಮಾಡಿ, ಅರ್ಧ ಗಂಟೆಯ ಕೆಲಸ.

ಆಮೇಲೆ, ನೀವು ಜಾಗದ ಬಗ್ಗೆ ಬರೆದಾಗ ಅದನ್ನು ಕಟ್ಟಿದವರಿಗೆ ಒಂದು ನೋಟ್‌ಕಾರ್ಡ್ ಬಿಡಿ. ‘ನಿಮ್ಮ ಜಾಗದ ಬಗ್ಗೆ ಬರೆದಿದ್ದೇನೆ’ ಅನ್ನುವಷ್ಟು ಸಾಕು, ಏನೂ ಕೇಳಬೇಡಿ. ನನಗೆ ಮೊದಲ ಗುಂಪು ಓದುಗರು ಬಂದದ್ದು ಹಾಗೆಯೇ. ಒಂದು ಪುಟ್ಟ ಮರದ ಸೇತುವೆಯ ಬಗ್ಗೆ ಬರೆದು, ಕಟ್ಟಿದವರಿಗೆ ತಿಳಿಸಿ ಮರೆತುಬಿಟ್ಟಿದ್ದೆ. ತಿಂಗಳ ಮೇಲೆ ಯಾಕೋ ಆ ಕಡೆ ಹೋದಾಗ ನೋಡಿದರೆ ಸೇತುವೆಯ ಕಂಬಕ್ಕೆ ಒಂದು ಹಲಗೆ ಹೊಡೆದಿದ್ದರು. ಒತ್ತಿದರೆ ನನ್ನ ಪೋಸ್ಟ್ ತೆರೆದುಕೊಳ್ಳುತ್ತಿತ್ತು.